ಅತ್ತೆಯ ಅಳತೆ ಪುಸ್ತಕ

ನಮ್ಮ ಅತ್ತೆ ತಮ್ಮ ನೆರಳನ್ನೂ ಎರಡು ಸಲ ಅಳೆದು ನೋಡಿಯೇ ನಂಬುವವರು. ಮೂವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳ ಬಟ್ಟೆ ಹೊಲಿಯುತ್ತಾರೆ. ಗಿರಾಕಿ ಬಾಯಲ್ಲಿ ಹೇಳಿದ ಅಳತೆ ನಂಬುವುದಿಲ್ಲ, ಹಳೆಯ ಅಂಗಿ ತಂದುಕೊಟ್ಟರೆ ಅದನ್ನೂ ನಂಬುವುದಿಲ್ಲ. ಬಟ್ಟೆ ಕತ್ತರಿಸುವ ಎತ್ತರದ ಮೇಜಿನ ಮೇಲೆ ಮಗುವನ್ನೇ ನಿಲ್ಲಿಸಿ ಟೇಪು ಹಿಡಿಯಬೇಕು. ತೋಳನ್ನಂತೂ ಎರಡು ಭಾಗ ಮಾಡಿ ಅಳೆಯುತ್ತಾರೆ: ಭುಜದಿಂದ ಮೊಣಕೈ, ಮೊಣಕೈಯಿಂದ ಮಣಿಕಟ್ಟು. ಎಲ್ಲವನ್ನೂ ತಾರೀಖು ಹಾಕಿ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದು, ಹೋದಲ್ಲೆಲ್ಲ ಚೀಲದಲ್ಲಿ ಹೊತ್ತುಕೊಂಡು ಹೋಗುತ್ತಾರೆ. ಯಾರಾದರೂ ಅಳತೆ ಕದ್ದರೆ ಎಂಬ ಭಯ. ಕದ್ದು ಏನು ಮಾಡುತ್ತಾರೆ ಎಂದು ಕೇಳಿದ ದಿನದಿಂದ ನನ್ನ ಮೇಲೂ ಒಂದು ಕಣ್ಣು.

ನನ್ನ ನಾಲ್ಕು ವರ್ಷದ ಮಗಳನ್ನು ಆ ಮೇಜಿನ ಮೇಲೆ ಮಾತ್ರ ಹತ್ತಿಸಬೇಡಿ ಎಂದು ಹೇಳಿದ್ದೆ. ಅವಳು ನಿಂತಲ್ಲಿ ನಿಲ್ಲುವವಳಲ್ಲ.

ಆ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಮಗಳ ಎಡಗೈ ಊದಿತ್ತು.

"ಅಂಗಳದಲ್ಲಿ ಓಡ್ತಾ ಬಿದ್ಲು," ಎಂದರು ಅತ್ತೆ. ನಾನಿನ್ನೂ ಕೇಳಿಯೇ ಇರಲಿಲ್ಲ. ಚಪ್ಪಲಿ ಬಿಡುವಷ್ಟರಲ್ಲಿ ಅದನ್ನೇ ಮತ್ತೆರಡು ಸಲ ಹೇಳಿದರು. ಮಗಳ ಮಂಡಿಯಲ್ಲಿ ಮಣ್ಣಿಲ್ಲ, ಒಂದು ಗೀರೂ ಇಲ್ಲ. ಅವಳನ್ನು ಕೇಳಿದರೆ ಇನ್ನೂ ಜೋರಾಗಿ ಅತ್ತಳು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಇವರು ಹೆಗಲು ಮುಟ್ಟಿಕೊಳ್ಳುತ್ತಿದ್ದಾರಲ್ಲ ಎಂದುಕೊಂಡೆ. ಆಸ್ಪತ್ರೆಯ ದಾರಿಯಲ್ಲಿ "ನಂಗೆ ಕೊಡು, ಎತ್ಕೊತೀನಿ," ಎಂದು ಕೈಚಾಚಿದರು. ನಾನು ಕೊಡಲಿಲ್ಲ.

ಎಕ್ಸ್‌ರೇ ಕೋಣೆಯ ಮುಂದೆ ಕೈ ಮುರಿದುಕೊಂಡ ಮಕ್ಕಳು ಇನ್ನೂ ಇಬ್ಬರಿದ್ದರು. ಎಲ್ಲರದೂ ಮುಗಿದ ಮೇಲೆ ಡಾಕ್ಟರು ನಮ್ಮ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು.

"ಮೂಳೆ ಸರಿದಿದೆ. ಅರಿವಳಿಕೆ ಕೊಟ್ಟು, ಒಳಗೆ ತಂತಿ ಹಾಕಿ ಕೂರಿಸ್ಬೇಕು. ಇಲ್ಲಿ ಸೈನ್ ಮಾಡಿ."

ಪೆನ್ನು ತೆಗೆದುಕೊಂಡೆ.

ಅತ್ತೆ ಮೂಗು ತಾಗುವಷ್ಟು ಹತ್ತಿರ ಹೋಗಿ ಫಿಲ್ಮನ್ನು ನೋಡಿದರು. "ಇದು ನಮ್ಮ ಮಗು ಕೈ ಅಲ್ಲ."

"ಮೂಲೇಲಿ ಹೆಸರಿನ ಚೀಟಿ ಇದೆಯಲ್ಲಮ್ಮ," ಎಂದರು ಡಾಕ್ಟರು.

"ಚೀಟಿ ಯಾವುದಕ್ಕೆ ಬೇಕಾದ್ರೂ ಅಂಟತ್ತೆ." ಚೀಲದಿಂದ ಟೇಪು ತೆಗೆದು ಆ ಬಿಳಿ ಮೂಳೆಯ ಮೇಲೆ ಇಟ್ಟೇಬಿಟ್ಟರು. "ಎಂಟು ಇಂಚು. ನಮ್ಮದು ಆರು."

ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರು ನಕ್ಕರು. "ಹಾಗಾದ್ರೆ ಇನ್ನೊಂದು ಕೈ ಅಳೆದು ತೋರಿಸಿ."

ಟೇಪು ಹತ್ತಿರ ಬಂದದ್ದೇ ತಡ, ಮಗಳು ಕಿಟಾರನೆ ಕಿರುಚಿ ಪೆಟ್ಟಾಗದ ಕೈಯನ್ನು ನನ್ನ ಕುತ್ತಿಗೆಯ ಹಿಂದೆ ಬಚ್ಚಿಟ್ಟಳು. ದಿನವೂ ಅದೇ ಟೇಪನ್ನು ಹಾರ ಮಾಡಿಕೊಂಡು ಆಡುವವಳು. ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

ಸ್ವಲ್ಪ ಹೊತ್ತು ಚೀಲವನ್ನು ಅವುಚಿಕೊಂಡು ನಿಂತರು. ಆಮೇಲೆ ಪುಸ್ತಕ ತೆಗೆದು, ಬರೆದಿದ್ದ ಕೊನೆಯ ಪುಟ ಬಿಡಿಸಿ ಡಾಕ್ಟರ ಮುಂದಿಟ್ಟರು.

"ಮೊಣಕೈಯಿಂದ ಮಣಿಕಟ್ಟು, ಆರು. ಇವತ್ತೇ ಅಳೆದಿದ್ದು."

ಡಾಕ್ಟರ ನಗು ನಿಂತಿತು. ಫಿಲ್ಮು ಹಿಡಿದುಕೊಂಡು ಎದ್ದುಹೋದವರು ಇನ್ನೊಂದು ಫಿಲ್ಮಿನ ಜೊತೆ ವಾಪಸು ಬಂದರು. ಚೀಟಿ ಅದಲುಬದಲಾಗಿತ್ತು. ತಂತಿ ಬೇಕಿದ್ದದ್ದು ಹೊರಗೆ ಕೂತಿದ್ದ ಎಂಟು ವರ್ಷದ ಹುಡುಗಿಗೆ. ನಮ್ಮವಳದು ಸಣ್ಣ ಬಿರುಕು, ಮೂರು ವಾರ ಪ್ಲಾಸ್ಟರ್ ಇದ್ದರೆ ಸಾಕು ಎಂದು ಹೇಳಿ, ತಪ್ಪಾಯಿತು ಎಂದೂ ಹೇಳಿದರು.

ಪ್ಲಾಸ್ಟರ್ ಒಣಗುವವರೆಗೆ ಕಾಯುತ್ತಾ ಆ ಪುಟ ಓದಿದೆ. ಇವತ್ತಿನ ತಾರೀಖು, ಮಗಳ ಹೆಸರು. ಉದ್ದ, ಭುಜ, ತೋಳು ಬರೆದಿತ್ತು. ಸೊಂಟದ ಎದುರು ಖಾಲಿ.

"ಮೇಜಿನ ಮೇಲೆ ನಿಲ್ಸಿದ್ರಿ," ಎಂದೆ.

"ಹೂಂ. ಬರೆಯೋಕೆ ತಿರುಗಿದೆ, ಅಷ್ಟರಲ್ಲಿ ಬಿದ್ಲು."

"ಪುಸ್ತಕ ತೆಗೆದ್ರೆ ಸಿಕ್ಕಿಬೀಳ್ತೀರಿ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ನಿಂಗೆ ಹೆದರ್ಕೊಂಡು ಮಗು ಕೈಗೆ ತಂತಿ ಹಾಕಿಸ್ಲಾ?"

ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟೆ. ಸಿಟ್ಟು ಹೋಗಿರಲಿಲ್ಲ. ಆದರೆ ಅದರ ಜೊತೆಗೇ ಈ ಮುದುಕಿಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

"ಎತ್ಕೊಳ್ಳಿ ಅತ್ತೆ. ನನ್ನ ಕೈ ಸೋತಿದೆ."

ಅವರು ನನ್ನ ಮುಖವನ್ನೂ ಕೈಯನ್ನೂ ಒಂದಾದ ಮೇಲೊಂದು ಪರೀಕ್ಷಿಸಿದರು. "ನಿಜವಾಗ್ಲೂ ಸೋತಿದೆಯಾ?" ಎಂದು ಕೇಳಿ, ಟೇಪನ್ನು ಚೀಲದ ತಳಕ್ಕೆ ತುರುಕಿ, ಆಮೇಲೆ ಮಗುವನ್ನು ಎತ್ತಿಕೊಂಡರು.