ಒಂದೇ ಶಬ್ದದ ಬೆನ್ನು ಹತ್ತಿದ ಮಾಸ್ತರು

ಕಳೆದ ವಾರ ಹೊಸ ಸೀರೆಯೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿ ಮರೆತುಬಿಟ್ಟೆ. ನೆನಪಾಗಿ ಹೋಗಿ ನೋಡಿದರೆ ನೀರೆಲ್ಲ ಕೆಂಪು, ಜೊತೆಗಿದ್ದ ಬಿಳಿ ಟವೆಲ್ಲೂ ಕೆಂಪು. ಹೊಸ ಬಟ್ಟೆಯ ಗಂಜಿಯೂ ಬಣ್ಣವೂ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಬೈದುಕೊಳ್ಳಬೇಕಾದವಳು ನಗುತ್ತ ನಿಂತೆ. ‘ದಿ ಕಲರ್ ಹ್ಯಾಸ್ ರನ್’ ಎಂದು ಬಾಯಿ ತಾನಾಗಿಯೇ ಹೇಳಿತ್ತು. ಆ ವಾಕ್ಯವನ್ನು ನಮಗೆ ಕಲಿಸಿದವರು ಹೊನ್ನಾವರದ ಹೈಸ್ಕೂಲಿನಲ್ಲಿದ್ದ ನಮ್ಮ ಇಂಗ್ಲಿಷ್ ಮಾಸ್ತರು… ಅರುವತ್ತು ವರ್ಷಕ್ಕೂ ಹಿಂದಿನ ಮಾತು.

ಆಗ ನಮ್ಮ ಜಿಲ್ಲೆ ಮುಂಬೈ ಸರ್ಕಾರದಿಂದ ಮೈಸೂರು ಸರ್ಕಾರಕ್ಕೆ ಬಂದು ಕೆಲವೇ ವರ್ಷಗಳಾಗಿದ್ದವು. ಸರ್ಕಾರ ಬದಲಾದರೂ ಶಾಲೆಯ ಪದ್ಧತಿ ಬದಲಾಗಿರಲಿಲ್ಲ. ಇಂಗ್ಲಿಷ್ ಶುರುವಾಗುತ್ತಿದ್ದದ್ದು ಎಂಟನೆಯ ಇಯತ್ತೆಗೆ. ಮೀಸೆ ಚಿಗುರುತ್ತಿದ್ದ ಹುಡುಗರೂ ಸೀರೆ ಉಡಲು ತೊಡಗಿದ್ದ ಹುಡುಗಿಯರೂ ಸಾಲಾಗಿ ಕೂತು ಎ, ಬಿ, ಸಿ ತಿದ್ದುತ್ತಿದ್ದೆವು. ಇಂಗ್ಲಿಷ್ ಅಂದರೆ ನಮಗೆ ಎದೆ ಝಲ್ ಅನ್ನುತ್ತಿತ್ತು.

ಒಂಬತ್ತನೆಯ ಇಯತ್ತೆಗೆ ಬಂದಾಗ ಈ ಮಾಸ್ತರು ಬಂದರು. ಕುಮಟೆಯವರು, ತೆಳ್ಳಗಿನ ಆಳು, ಹಂಗಾಮಿ ನೇಮಕ. ನಮ್ಮ ಮನೆಯ ಹಿಂದಿನ ಕೋಣೆಯನ್ನೇ ಬಾಡಿಗೆಗೆ ಹಿಡಿದಿದ್ದರು. ಹಾಗಾಗಿ ಅವರ ಸಂಗತಿ ನಮಗೆಲ್ಲ ಗೊತ್ತಿತ್ತು. ಕುಮಟೆಯಲ್ಲಿ ಅವರಿಗೊಂದು ಹುಡುಗಿ ನಿಶ್ಚಯವಾಗಿತ್ತು. ಅವಳ ಮಾತು ಬಂದರೆ ಮಾಸ್ತರ ಕಿವಿ ಕೆಂಪಾಗುತ್ತಿತ್ತು. ಆದರೆ ಹುಡುಗಿಯ ಅಪ್ಪ ಗಟ್ಟಿ ಮನುಷ್ಯ, ‘ಕೆಲಸ ಖಾಯಂ ಆಗಲಿ, ಆಮೇಲೆ ಲಗ್ನ’ ಎಂದುಬಿಟ್ಟಿದ್ದ. ಖಾಯಂ ಆಗಬೇಕಾದರೆ ಇನ್ಸ್‌ಪೆಕ್ಟರ್ ಸಾಹೇಬರು ಬಂದು ತರಗತಿ ನೋಡಿ ಶಿಫಾರಸು ಮಾಡಬೇಕು. ಇದನ್ನು ಮಾಸ್ತರು ಗುಟ್ಟಾಗಿ ಅಮ್ಮನಿಗೆ ಹೇಳಿದ್ದರು, ಅಂದ ಮೇಲೆ ಇಡೀ ಪೇಟೆಗೆ ಗೊತ್ತಾಗಿತ್ತು.

ಶುರುವಿಗೆ ಎಲ್ಲ ಸರಿಯಾಗಿಯೇ ಇತ್ತು. ಮೂರನೆಯ ಪಾಠದಲ್ಲಿ ಒಂದು ವಾಕ್ಯ ಬಂತು: ‘ದಿ ರಿವರ್ ರನ್ಸ್ ಟು ದಿ ಸೀ.’ ರನ್ ಅಂದರೆ ಓಡು ಎಂದು ಎಂಟನೆಯ ಇಯತ್ತೆಯಲ್ಲೇ ಬಾಯಿಪಾಠ ಮಾಡಿದ್ದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ನದಿಗೆ ಕಾಲು ಎಲ್ಲಿ ಅದೆ ಸರ್?” ಎಂದು ಕೇಳಿದ. ಬೇರೆ ಮಾಸ್ತರಾಗಿದ್ದರೆ ಕಿವಿ ಹಿಂಡುತ್ತಿದ್ದರು. ಇವರು ಪುಸ್ತಕ ಮುಚ್ಚಿ, ಫಲಕದ ಮೇಲೆ ದೊಡ್ಡದಾಗಿ ಆ ಶಬ್ದ ಬರೆದರು.

“ದೊಡ್ಡ ದೊಡ್ಡ ಶಬ್ದಕ್ಕೆ ಹೆದರಬೇಡಿ. ಅವಕ್ಕೆ ಒಂದೇ ಅರ್ಥ ಇರ್ತದೆ. ಇಂಥ ಸಣ್ಣದಕ್ಕೇ ನೂರು ಮುಖ. ಇದೊಂದನ್ನು ಪೂರಾ ಹಿಡಿದರೆ ಭಾಷೆ ಅಂದರೆ ಎಂತ ಹೇಳಿ ತಿಳೀತದೆ,” ಎಂದರು. ನಾಳೆ ಬರುವಾಗ ಪೇಟೆಯಲ್ಲಿ ಇಂಗ್ಲಿಷ್ ಬಲ್ಲವರನ್ನು ಕೇಳಿ ಒಬ್ಬೊಬ್ಬರು ಒಂದೊಂದು ‘ರನ್’ ಹಿಡಿದು ತರಬೇಕು ಎಂದು ಕಳಿಸಿದರು.

ನಾವು ಅಕ್ಷರಶಃ ಬೇಟೆಗೆ ಹೊರಟೆವು. ಶರಾವತಿಗೆ ಆಗ ಸೇತುವೆ ಇರಲಿಲ್ಲ, ಲಾಂಚಿನಲ್ಲಿ ದಾಟಬೇಕಿತ್ತು. ಲಾಂಚಿನ ಡ್ರೈವರು, “ಎಂಜಿನ್ ರನ್ನಿಂಗ್ ಅದೆ, ಕೈ ಹಾಕ್ಬೇಡಿ,” ಎಂದ. ಅದೊಂದು ಆಯಿತು. ಕಂಪೌಂಡರರು ಮೂಗು ಸೋರುವುದಕ್ಕೂ ಅದೇ ಶಬ್ದ, ಜ್ವರ ಬರುವುದಕ್ಕೂ ಅದೇ ಶಬ್ದ ಎಂದರು. ವಕೀಲರು, ಎರಡು ಶಿಕ್ಷೆ ಒಟ್ಟಿಗೆ ನಡೆದರೆ ಅವೂ ‘ರನ್’ ಆಗುತ್ತವೆ ಎಂದಾಗ ನಮಗೆ ಸ್ವಲ್ಪ ಹೆದರಿಕೆಯಾಯಿತು. ನನ್ನ ಪಾಲಿಗೆ ಸಿಕ್ಕವರು ಭಟ್ಕಳದಿಂದ ಬಂದು ಬಟ್ಟೆ ಅಂಗಡಿ ಇಟ್ಟಿದ್ದ ಸಾಹುಕಾರರು. ಮದ್ರಾಸಿನಲ್ಲಿ ವ್ಯಾಪಾರ ಕಲಿತವರು. “ಬೇಟಿ, ನಮ್ಮ ಧಂದೆಯಲ್ಲಿ ಕಲರ್ ರನ್ ಆಗ್ತದೆ. ಒಂದ್ಸಲ ಆಯ್ತು ಅಂದ್ರೆ ಗಿರಾಕಿ ತಿರುಗಿ ಬರೂದಿಲ್ಲ,” ಎಂದರು. ಮರುದಿನ ನನ್ನದೇ ಎಲ್ಲರಿಗಿಂತ ಒಳ್ಳೆಯದು ಎಂದು ಮಾಸ್ತರು ಹೇಳಿದಾಗ ನನಗೆ ನೆಲ ಕಾಣದಷ್ಟು ಹೆಮ್ಮೆ.

ತಂದ ಶಬ್ದವನ್ನು ಅವರು ಹಾಗೇ ಬಿಡುತ್ತಿರಲಿಲ್ಲ. ಪ್ರತಿಯೊಂದಕ್ಕೂ ಬದಲಿ ಶಬ್ದ ಹುಡುಕಿಸುತ್ತಿದ್ದರು. ನದಿಯಾದರೆ ಫ್ಲೋ, ಅಂಗಡಿ ನಡೆಸುವುದಾದರೆ ಮ್ಯಾನೇಜ್, ಎಂಜಿನ್ನಾದರೆ ವರ್ಕ್. ಆಮೇಲೆ ಅದಲು ಬದಲು ಮಾಡಿ ನೋಡಲು ಹೇಳುತ್ತಿದ್ದರು. ನದಿಯನ್ನು ಮ್ಯಾನೇಜ್ ಮಾಡಿಸಿ, ಅಂಗಡಿಯನ್ನು ಸಮುದ್ರಕ್ಕೆ ಹರಿಸಿ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಯಾವುದು ಎಲ್ಲಿ ಕೂರುತ್ತದೆ, ಯಾಕೆ ಕೂರುವುದಿಲ್ಲ ಎಂಬುದು ನಗುತ್ತ ನಗುತ್ತ ತಲೆಗೆ ಹೋಗುತ್ತಿತ್ತು.

ಮನೆಯಲ್ಲೂ ಇದೇ ಧ್ಯಾನ. ಒಂದು ಸಂಜೆ ಮಾಸ್ತರೂ ನಾನೂ ಹಿತ್ತಿಲ ಕಟ್ಟೆಯ ಮೇಲೆ ಕೂತು ಎಣಿಸುತ್ತಿದ್ದಾಗ ಅಮ್ಮ ಪಾತ್ರೆ ತೊಳೆಯುತ್ತಲೇ ಬಾಯಿ ಹಾಕಿದಳು. “ನಿಮ್ಮ ಇಂಗ್ಲಿಷಿಂದು ಎಂತ ದೊಡ್ಡಸ್ತಿಕೆ? ನಮ್ಮಲ್ಲಿ ಇಲ್ಲೆಯಾ? ಬಸ್ಸು ಬಿಡ್ತು, ಮಲ್ಲಿಗೆ ಹೂ ಬಿಡ್ತು, ಜ್ವರ ಬಿಡ್ತು, ಶಾಲೆ ಬಿಡ್ತು. ಇವಳ ಅಪ್ಪ ಗಡ್ಡ ಬಿಡ್ತ್ರು, ಒಂದೊಂದ್ಸಲ ನನ್ನ ಹತ್ರ ಮಾತೂ ಬಿಡ್ತ್ರು.” ಮಾಸ್ತರು ಎದ್ದು ನಿಂತುಬಿಟ್ಟರು. ಮರುದಿನ ತರಗತಿಯಲ್ಲಿ ಅಮ್ಮನ ‘ಬಿಡು’ ಫಲಕದ ಮೇಲೆ ‘ರನ್’ ಪಕ್ಕದಲ್ಲಿತ್ತು. ಆವತ್ತಿನಿಂದ ಇಂಗ್ಲಿಷ್ ನಮಗೆ ಪರದೇಶದ ದೆವ್ವವಾಗಿ ಉಳಿಯಲಿಲ್ಲ. ಅದೂ ನಮ್ಮ ಮಾತಿನ ಹಾಗೆಯೇ, ಸ್ವಲ್ಪ ಬೇರೆ ಥರ ಎಡವಟ್ಟು, ಅಷ್ಟೆ.

ಆದರೆ ಪಾಠ ಮೂರನ್ನು ದಾಟಿರಲಿಲ್ಲ. ದೀಪಾವಳಿ ರಜೆ ಮುಗಿದರೂ ದಾಟಲಿಲ್ಲ. ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು, “ಮಾಸ್ತರೆ, ಪೋರ್ಶನ್ ಎಲ್ಲಿಗೆ ಬಂತು?” ಎಂದರೆ ಇವರು, “ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಸರ್? ಪಾಠಕ್ಕೂ ಬರ್ತೇವೆ,” ಎನ್ನುತ್ತಿದ್ದರು. ಅಮ್ಮ ಮಾತ್ರ ಕಳವಳಪಟ್ಟಳು. “ಕುಮಟೆಲಿ ಆ ಹುಡುಗಿ ಕಾಯ್ತಾ ಇದ್ದು, ಅದ್ನ ಮರಿಯಡಿ,” ಎಂದು ನೇರವಾಗಿಯೇ ಹೇಳಿದಳು. ಅದು ನಾಟಿರಬೇಕು. ಮರುದಿನದಿಂದ ಅವರು ಸರಸರನೆ ಪಾಠ ಓದಿ, ಸಾರಾಂಶ ಬರೆಸತೊಡಗಿದರು. ನಾಲ್ಕನೆಯದು ಮುಗಿಯಿತು, ಐದನೆಯದೂ ಮುಗಿಯಿತು. ಆಗ ಯಾರೋ ‘ರನ್’ ಎಂಬುದರ ಹೊಸ ಅರ್ಥವೊಂದನ್ನು ಹಿಡಿದು ತಂದರು… ಐದೇ ನಿಮಿಷ ಎಂದು ಶುರುವಾದದ್ದು ವಾರ ತಿಂದಿತು.

ತಪಾಸಣೆಯ ದಿನ ಹತ್ತಿರ ಬಂದಾಗ ಹೆಡ್‌ಮಾಸ್ತರೇ ಒಂದು ಉಪಾಯ ಹೇಳಿಕೊಟ್ಟರು. ಆ ಕಾಲದಲ್ಲಿ ಬಹಳ ಶಾಲೆಗಳಲ್ಲಿ ನಡೆಯುತ್ತಿದ್ದದ್ದೇ. ಸಾಹೇಬರು ಪ್ರಶ್ನೆ ಕೇಳಿದರೆ ಎಲ್ಲರೂ ಕೈ ಎತ್ತಬೇಕು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಮಾಸ್ತರು ಬಲಗೈಯವರನ್ನೇ ಎಬ್ಬಿಸುತ್ತಾರೆ, ಸಾಹೇಬರು ಖುಷಿಯಾಗುತ್ತಾರೆ. ಇದನ್ನು ನಮಗೆ ತಿಳಿಸುವಾಗ ಮಾಸ್ತರು ನಮ್ಮ ಮುಖ ನೋಡಲಿಲ್ಲ.

ಸಾಹೇಬರು ಬಂದರು. ಕಪ್ಪು ಕೋಟು, ದಪ್ಪ ಕನ್ನಡಕ. ಪುಸ್ತಕ ತೆರೆದು ಎಂಟನೆಯ ಪಾಠದ ಮೇಲೆ ಪ್ರಶ್ನೆ ಕೇಳಿದರು. ಕೈಗಳೆಲ್ಲ ಮೇಲೆದ್ದವು, ಎಲ್ಲವೂ ಎಡಗೈ. ಮಾಸ್ತರು ಬೆಂಚಿನಿಂದ ಬೆಂಚಿಗೆ ಬಲಗೈ ಹುಡುಕಿದರು. ಸಾಹೇಬರು ಕನ್ನಡಕ ಸರಿಸಿ, “ಸಾಕು, ಇಳಿಸಿ. ನಾನೂ ಮಾಸ್ತರಕಿ ಮಾಡಿಯೇ ಈ ಕೆಲಸಕ್ಕೆ ಬಂದವನು,” ಎಂದರು. ನಮಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಅವರ ಕಣ್ಣು ಫಲಕದ ಮೂಲೆಗೆ ಹೋಯಿತು. ಅಲ್ಲಿ ಆ ಶಬ್ದ ಅರ್ಧ ಅಳಿಸಿದ ಹಾಗೇ ಇತ್ತು. “ಇದರ ಅರ್ಥ?” ಎಂದರು. ಇಡೀ ತರಗತಿಯ ಬಲಗೈ ಮೇಲೆದ್ದಿತು. ಸಾಹೇಬರು ಒಬ್ಬೊಬ್ಬರನ್ನೇ ಎಬ್ಬಿಸುತ್ತ ಹೋದರು. ನದಿ, ಮೂಗು, ಎಂಜಿನ್, ಬಣ್ಣ, ಶಿಕ್ಷೆ… ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹೇಳಲಿಲ್ಲ. ಬದಲಿ ಶಬ್ದ ಕೇಳಿದರು, ಅದೂ ಬಂತು. ತಾವೂ ಕುರ್ಚಿಯ ತುದಿಗೆ ಸರಿದು ಎರಡು ಹೊಸ ಅರ್ಥ ಸೇರಿಸಿದರು. ಗಂಟೆ ಹೊಡೆದದ್ದು ಅವರಿಗೇ ಕೇಳಿಸಲಿಲ್ಲ. ಹೋಗುವಾಗ ಮಾಸ್ತರ ಕೈ ಹಿಡಿದು, “ಬಹಳ ದಿನದ ಮೇಲೆ ತರಗತಿಯಲ್ಲಿ ಕೂತ ಹಾಗಾಯ್ತು,” ಎಂದರು. ಆ ದಿನ ಅಮ್ಮ ಪಾಯಸ ಮಾಡಿದಳು. ಮಾಸ್ತರು ಎರಡು ಸಲ ಹಾಕಿಸಿಕೊಂಡರು.

ಬೇಸಿಗೆಯಲ್ಲಿ ವರದಿ ಬಂತು. ಕಲಿಸುವಿಕೆ ಉತ್ತಮ, ಪೋರ್ಶನ್ ಅರ್ಧವೂ ಆಗಿಲ್ಲ, ಖಾಯಂ ಮಾಡಲು ಶಿಫಾರಸು ಇಲ್ಲ. ಸಾಹೇಬರದ್ದೂ ತಪ್ಪೆನ್ನಲಾರೆ, ಅವರಿಗೆ ಕಾನೂನಿತ್ತು. ನಮ್ಮ ಅಪ್ಪ ಮಾತ್ರ, “ಸಮುದ್ರಕ್ಕೆ ಹೋದ್ರೂ ಮೊಣಕಾಲುದ್ದ ನೀರು,” ಎಂದ. ಮಳೆಗಾಲಕ್ಕೆ ಮೊದಲೇ ಕುಮಟೆಯ ಆ ಹುಡುಗಿಯನ್ನು ಬೇರೆ ಕಡೆ ಕೊಟ್ಟರು.

ಭಟ್ಕಳದಲ್ಲಿ ಒಂದು ವರ್ಷದ ಬದಲಿ ಕೆಲಸ ಸಿಕ್ಕಿತೆಂದು ಮಾಸ್ತರು ಹೊರಟರು. ನಾನೂ ಅಪ್ಪನೂ ಲಾಂಚು ಬಂದು ನಿಲ್ಲುವ ಧಕ್ಕೆಯವರೆಗೆ ಹೋಗಿದ್ದೆವು. ಟ್ರಂಕು ಇಳಿಸಿ, ನನ್ನ ಕಡೆ ತಿರುಗಿ, “ಉಳಿದ ಪಾಠ ಓದಿಕೋ. ಕಷ್ಟ ಎಂತದೂ ಇಲ್ಲೆ,” ಎಂದರು. ನಿಜಕ್ಕೂ ಕಷ್ಟವಾಗಲಿಲ್ಲ. ಆಮೇಲೆ ಮುಂಬೈಗೆ ಹೋದರೆಂದು ಯಾರೋ ಹೇಳಿದರು. ಅಲ್ಲಿ ಯಾವುದೋ ಅಚ್ಚುಕೂಟದಲ್ಲಿ ಇದ್ದರಂತೆ, ಮದುವೆಯಾಗಲಿಲ್ಲವಂತೆ… ಎಲ್ಲ ಅಂತೆ ಕಂತೆ. ತೀರಿಕೊಂಡದ್ದು ಮಾತ್ರ ಖಾತ್ರಿ. ಅದೂ ನನಗೆ ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ.

ನಾನೂ ಇಂಗ್ಲಿಷ್ ಮಾಸ್ತರಿಣಿಯೇ ಆದೆ. ಕುಮಟೆಯಲ್ಲೇ ನೌಕರಿ. ಅವರಿಗೆ ಆದದ್ದು ಕಣ್ಣೆದುರಿಗಿತ್ತಲ್ಲ, ನಿವೃತ್ತಿಯವರೆಗೂ ಒಂದು ವರ್ಷವೂ ಪಾಠ ಬಾಕಿ ಉಳಿಸಲಿಲ್ಲ. ಎರಡನೆಯ ವರ್ಷಕ್ಕೇ ಖಾಯಂ ಆದೆ.

ಮೊನ್ನೆ ಕುಮಟೆ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ತಲೆ ನರೆತಿದೆ ಅವನಿಗೂ. ಕಾಲು ಮುಟ್ಟಿ ನಮಸ್ಕರಿಸಿ, “ಟೀಚರೆ, ನಿಮ್ಮ ಪೋರ್ಶನ್ ಯಾವಾಗ್ಲೂ ಎಲ್ಲರಿಗಿಂತ ಮುಂಚೆ ಮುಗೀತಿತ್ತು,” ಎಂದ. ಹೊಗಳಿಕೆಯೆಂದೇ ಹೇಳಿದ್ದು. ನಾನು ಎಂತ ಕಲಿಸಿದ್ದೆ, ಏನಾದರೂ ನೆನಪಿದೆಯೇ ಎಂದು ಕೇಳಿದೆ. “ಅದೆಲ್ಲ ಯಾರಿಗೆ ನೆನಪಿರ್ತದೆ ಟೀಚರೆ,” ಎಂದು ನಕ್ಕ. ನಾನೂ ನಕ್ಕೆ. ಅವನು ಬಸ್ಸು ಹತ್ತಿ ಹೋದ ಮೇಲೆ, ಖಾಯಂ ಆಗದೆ ಹೋದ ನನ್ನ ಮಾಸ್ತರನ್ನು ನೆನೆದು ಅಲ್ಲೇ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡೆ.