ಊರಿನ ಕೆಂದಿಗಳೆಲ್ಲ ಒಂದಾದ ದಿನ

ಎಂಬತ್ತರ ದಶಕ ಮುಗಿಯುತ್ತಿದ್ದಾಗ, ಕಾಲುಬಾಯಿ ಜ್ವರದ ಲಸಿಕೆ ಹಾಕಲು ಪಣಕಹಳ್ಳಿಗೆ ಬಂದ ಪಶುವೈದ್ಯರು ದೊಡ್ಡ ಬೀದಿಯ ಹಸುಗಳಿಗಷ್ಟೇ ಸೂಜಿ ಚುಚ್ಚಿ, ಊರೆಲ್ಲ ಮುಗಿಯಿತೆಂದು ಬರೆದುಕೊಂಡು ಹೋದರು. ಹಿಂದಿನ ಬೀದಿಯಲ್ಲಿದ್ದ ನಮ್ಮ ದೊಡ್ಡವ್ವನ ಗಬ್ಬದ ಹಸು ಹಾಗೇ ಉಳಿಯಿತು. ವಿಶ್ವವಿದ್ಯಾಲಯದಿಂದ ಆಗಷ್ಟೇ ಹಿಂತಿರುಗಿದ್ದ ನಾನು ಸುಮ್ಮನಿರಲಾರದೆ ಮೇಲಿನವರಿಗೆ ದೂರು ಕೊಟ್ಟೆ. ಬಿಟ್ಟುಹೋದ ಹಸುಗಳ ವಿವರ ತೋರಿಸಿದರೆ ಗುರುವಾರ ಸೂಜಿ, ಇಲ್ಲವಾದರೆ ಉಳಿದ ಔಷಧ ಘಟ್ಟ ಇಳಿದು ಬೇರೆ ಊರಿಗೆ ಹೋಗುತ್ತದೆ ಎಂಬ ಉತ್ತರ ಬಂತು.

ನಾನು ಊರಲ್ಲೇ ಕೆಲಸಕ್ಕಿದ್ದ ಸಣ್ಣ ಸೇವಾಸಂಸ್ಥೆಯಲ್ಲಿ ಯಾರೋ ದಾನ ಕೊಟ್ಟ ಕಂಪ್ಯೂಟರೊಂದಿತ್ತು; ಪಟ್ಟಿಯನ್ನು ಅದರಲ್ಲೇ ಮಾಡಿ ತೋರಿಸುವ ಹುಮ್ಮಸ್ಸು ನನಗೆ. ಪೇಟೆಯಲ್ಲಿ ಸಿಗುವ ದೊಡ್ಡ ಡೇಟಾಬೇಸ್ ಪ್ರೋಗ್ರಾಂ ಅದರ ಪುಟ್ಟ ಮೆಮೊರಿಯಲ್ಲಿ ಹಿಡಿಯುತ್ತಿರಲಿಲ್ಲ. ಸಹಪಾಠಿಯೊಬ್ಬಳು ಹಗುರವಾದ ಡೇಟಾಬೇಸ್ ಲೈಬ್ರರಿಯೊಂದರ ಮೂಲ ಕೋಡನ್ನು ಫ್ಲಾಪಿಯಲ್ಲಿ ಕಳುಹಿಸಿದ್ದಳು. ಮಾಹಿತಿಯನ್ನು ಇಡುವುದು, ಕೇಳಿದಾಗ ಹುಡುಕಿ ಕೊಡುವುದು, ಇಷ್ಟೇ ಅದರ ವಿದ್ಯೆ. ಅದನ್ನು ಯಂತ್ರದ ಭಾಷೆಗೆ ಕಂಪೈಲ್ ಮಾಡಿ, ತುಣುಕುಗಳನ್ನು ಜೋಡಿಸಿ, ಯಂತ್ರದಲ್ಲಿ ಸ್ಥಾಪಿಸಬೇಕಿತ್ತು. ಯಾವುದೋ ಕಡತ ಕಾಣೆಯೆಂದು ಕಂಪೈಲರ್ ನಿಲ್ಲುತ್ತಿತ್ತು; ಅದು ನಿಲ್ಲದಿದ್ದರೆ ಕರೆಂಟ್ ನಿಲ್ಲುತ್ತಿತ್ತು.

ದೊಡ್ಡವ್ವ ಬಾಗಿಲಲ್ಲಿ ಇಣುಕುವಳು. “ಬೆಂತಾ ಅಮ್ಮಿ?”

“ಇನ್ನೂ ಇಲ್ಲ ದೊಡ್ಡವ್ವ.”

“ಸೌದೆ ಅಸಿ ಇರ್ಬೇಕು ಕಣಮ್ಮಿ.”

ಕೊನೆಗೂ ಬೆಂದಿತು. ಹಸುವಿನ ಹೆಸರು ಕೊಟ್ಟರೆ ವಿವರ ಸಿಗುವಂತೆ ಪ್ರೋಗ್ರಾಂ ಬರೆದು, ಮನೆ ಮನೆ ತಿರುಗಿ ಕೇಳಿಬಂದುದನ್ನೆಲ್ಲ ಟೈಪ್ ಮಾಡಿದೆ. ಗುರುವಾರ ವೈದ್ಯರ ಎದುರು ಜಂಬದಿಂದ ಕೀಲಿ ಒತ್ತಿದೆ. ಪರದೆಯ ಮೇಲೆ ಒಂದು ಕೆಂದಿ, ಒಂದು ಕರಿ, ಒಂದು ಬಿಳಿ ಬಂದು ನಿಂತವು. ಅಷ್ಟೇ.

“ಹಿಂದಿನ ಬೀದಿಗೆಲ್ಲ ಮೂರೇ ಹಸುವಾ? ಇದಕ್ಕೆ ದೂರು ಬೇರೆ,” ಎಂದು ವೈದ್ಯರು ನಕ್ಕು ಎದ್ದರು.

ದೊಡ್ಡವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. “ಇದ್ಯಾರ ಕೆಂದಿ ಅಮ್ಮಿ? ನಮ್ದೆಲ್ಲೋಯ್ತು?”

ಆಗ ಹೊಳೆಯಿತು. ನಮ್ಮೂರಲ್ಲಿ ಹಸುವಿನ ಹೆಸರೆಂದರೆ ಅದರ ಬಣ್ಣ, ಮನೆಗೊಂದು ಕೆಂದಿ. ಲೈಬ್ರರಿಯೋ, ಅದೇ ಹೆಸರು ಮತ್ತೆ ಬಂದರೆ ಹಳೆಯದನ್ನು ಅಳಿಸಿ ಹೊಸದನ್ನು ಇಡುತ್ತಿತ್ತು. ಒಂದೇ ಹೆಸರಿನವು ಹಲವಿರಬಹುದೇ ಬೇಡವೇ ಎಂದು ನಿರ್ಧರಿಸುವ ಸಾಲು ಮೂಲ ಕೋಡಿನಲ್ಲೇ ಇತ್ತು. ಅದನ್ನು ಬದಲಿಸಿ, ಲೈಬ್ರರಿಯನ್ನು ಮತ್ತೆ ಕಟ್ಟಿ, ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಿತ್ತು.

“ಉಂಡ್ಕಂಡು ಓಗಿ ಸಾರ್, ಅವರೆಕಾಳು ಸಾರು ಮಾಡಿವ್ನಿ,” ಎಂದು ದೊಡ್ಡವ್ವ ವೈದ್ಯರನ್ನು ಮನೆಗೆ ಕರೆದೊಯ್ದಳು. ಅವರು ಏಳಲು ಹೊರಟಾಗಲೆಲ್ಲ ತಟ್ಟೆಗೆ ಇನ್ನೊಂದು ಮುದ್ದೆ ಬಿತ್ತಂತೆ. ಆ ದಿನ ಕರೆಂಟಿಗೂ ನಮ್ಮ ಮೇಲೆ ಕರುಣೆಯಿತ್ತು.

ಹೊಟ್ಟೆ ಸವರಿಕೊಳ್ಳುತ್ತ ಬಂದ ವೈದ್ಯರ ಎದುರು ಕೆಂದಿಯ ಹಿಂದೆ ಕೆಂದಿ, ಕರಿಯ ಹಿಂದೆ ಕರಿ, ಮನೆಯ ಗುರುತಿನೊಡನೆ ಪರದೆ ತುಂಬಿ ಹರಿದವು. “ಈಗ ಹೇಳಿ ಸಾರ್, ಊರೆಲ್ಲ ಮುಗಿಯಿತೆಂದು ಬರೆದವರು ಯಾರು?” ಎಂದೆ. ಅವರು ಔಷಧದ ಪೆಟ್ಟಿಗೆ ತರಿಸಿದರು.

ಮೊದಲ ಸೂಜಿ ದೊಡ್ಡವ್ವನ ಕೆಂದಿಗೆ ಬಿತ್ತು. ಹಗ್ಗ ಹಿಡಿದು ನಿಂತಿದ್ದ ಅವಳು ನನ್ನ ಕಡೆ ಕಣ್ಣು ಹೊರಳಿಸಿ ವೈದ್ಯರಿಗೆ ಹೇಳಿದಳು: “ಆ ಡಬ್ಬಕ್ಕೂ ಒಂದ್ಸೂಜಿ ಆಕ್ಬುಡಿ ಸಾರ್. ಅಸ ನುಂಗೋ ಕಾಯ್ಲೆ ಅದೆ ಅದ್ಕೆ.”