ಸುಂದ್ರಮ್ಮನ ಬ್ಯಾಟರಿ ಆಟೋ ಅಮವಾಸ್ಯೆಯ ದಿನ ನಿಂತದ್ದು

ಸೋಲಾರ್ ಫಲಕ ಒರೆಸಿದ ಎರಡು ತಿಂಗಳ ಕೂಲಿ ದೋರನಹಳ್ಳಿಯ ಸುಂದ್ರಮ್ಮನಿಗೆ ಇನ್ನೂ ಬರಬೇಕು. ಗುತ್ತಿಗೆದಾರ ಫೋನ್ ನಂಬರು ಬದಲಿಸಿಕೊಂಡು ಬೇರೆ ಜಿಲ್ಲೆಯಲ್ಲಿ ಬೇರೆ ಹೆಣ್ಣುಮಕ್ಕಳ ಕೈಯಿಂದ ಒರೆಸಿಸುತ್ತಿದ್ದಾನೆ. ಆ ಜಗಳ ಬೇರೆ ಕಡೆ ನಡೆದಿದೆ, ನಡೆಯಲಿ. ನಾನು ಬರೆಯಲು ಕೂತದ್ದು ಆಕೆ ಆ ಕೆಲಸ ಬಿಟ್ಟ ಮೇಲಿನ ಮಾತು.

ಆ ಕೆಲಸ ಹೇಗಿತ್ತೆಂದು ಮಾತ್ರ ಎರಡು ಸಾಲು ಹೇಳುತ್ತೇನೆ. ಎರೆಹೊಲದ ನಡುವೆ ತಂತಿ ಬೇಲಿ, ಬೇಲಿಯೊಳಗೆ ಕಣ್ಣು ಹಾಯುವಷ್ಟು ದೂರ ಗಾಜು. ಟ್ಯಾಂಕರಿನಿಂದ ನೀರು ಬಿಡುವುದು, ಉದ್ದ ಕೋಲಿನ ಬ್ರಶ್ಶಿನಿಂದ ತಿಕ್ಕುವುದು, ಮುಂದಿನ ಸಾಲಿಗೆ ಹೋಗುವುದು. ಅಷ್ಟು ದೊಡ್ಡ ಬಯಲಿನಲ್ಲಿ ನೆರಳು ಇದ್ದದ್ದು ಫಲಕದ ಕೆಳಗೆ ಮಾತ್ರ. ಅಲ್ಲಿ ಕೂತು ರೊಟ್ಟಿ ಬಿಚ್ಚಿದರೆ ಸುಪರವೈಜರ್ ಬಂದು ಎಬ್ಬಿಸುತ್ತಿದ್ದ. ಹಸಿರು ವಿದ್ಯುತ್ತು ಎಂದು ಭಾಷಣ ಮಾಡುವವರು ಒಂದು ಸಲ ಮೇ ತಿಂಗಳಲ್ಲಿ ಆ ಗಾಜು ತೊಳೆಯಬೇಕು. ನನಗೆ ಆ ವಿದ್ಯುತ್ತಿನ ಮೇಲೆ ಸಿಟ್ಟಿಲ್ಲ. ಕಲ್ಲಿದ್ದಲಿನ ಬೂದಿ ಉಸಿರಾಡಿದವರನ್ನು ನಾನು ಕಂಡಿದ್ದೇನೆ, ಬಿಸಿಲಿನಿಂದ ಕರೆಂಟು ಬರುವುದಾದರೆ ಬರಲಿ, ಬೇಗ ಬರಲಿ. ಅದನ್ನು ತೊಳೆದವಳಿಗೂ ನೆರಳು ಇರಲಿ ಅಂತಷ್ಟೇ ನನ್ನ ಮಾತು.

ಸುಂದ್ರಮ್ಮ ಆ ಕೋಲು ಬಿಸಾಕಿ ಬಂದಾಗ ಊರಿನ ಮಹಿಳಾ ಸಂಘದವರು ಜಾಮೀನು ನಿಂತು ಆಕೆಗೆ ಬ್ಯಾಟರಿ ಆಟೋ ಕೊಡಿಸಿದರು. ಗಂಡ ಖಂಡಪ್ಪ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ದಿನಗೂಲಿ. ಅವನು ಕಲಿಯುತ್ತಾನೆಂದು ಎಲ್ಲರೂ ತಿಳಿದಿದ್ದರು. ಅವನು ಒಂದು ಸಲ ಹ್ಯಾಂಡಲ್ ಹಿಡಿದು ಗಟಾರಿಗೆ ಇಳಿಸಿದ, ಎದ್ದು ಬಂದು ಹೆಂಡತಿಯ ಕೈಗೆ ಬೀಗದಕೈ ಕೊಟ್ಟ. "ಇದು ನನ್ನ ಮಾತು ಕೇಳಂಗಿಲ್ಲ, ನಿನ್ನಂಗೇ ಅದ" ಅಂದ. ಅವತ್ತಿನಿಂದ ದೋರನಹಳ್ಳಿಯಿಂದ ಶಹಾಪುರಕ್ಕೆ, ಶಹಾಪುರದಿಂದ ದೋರನಹಳ್ಳಿಗೆ ಸುಂದ್ರಮ್ಮನೇ ಹೊಡೆಯುತ್ತಿದ್ದಾಳೆ.

ಮೊದಮೊದಲು ಜನ ಹತ್ತಲಿಲ್ಲ. ಜಾತಿಯ ಕಾರಣಕ್ಕೆ ಹತ್ತದವರು ಒಂದಿಷ್ಟು ಮಂದಿ, ಅವರ ವಿಷಯ ಬಿಡಿ. ಉಳಿದವರು ಹತ್ತದಿದ್ದದ್ದು ಗಾಡಿ ಬಂದದ್ದೇ ಗೊತ್ತಾಗದೆ. ಪೆಟ್ರೋಲ್ ಆಟೋ ಅರ್ಧ ಊರಿಗೆ ಕೇಳುವ ಹಾಗೆ ಕಿರುಚುತ್ತ ಬರುತ್ತದೆ, ಹೆಂಗಸರು ಆ ಸಪ್ಪಳ ಕೇಳಿದ ಮೇಲೆ ತಲೆ ಬಾಚಿಕೊಂಡು ಹೊರಗೆ ಬರುತ್ತಾರೆ. ಇದು ಬೆಕ್ಕಿನಂತೆ ಬಂದು ಬೆಕ್ಕಿನಂತೆ ಹೋಗುತ್ತಿತ್ತು. ದಾರಿಯಲ್ಲಿ ಮಲಗಿದ ಎಮ್ಮೆ ಕೂಡ ಏಳುತ್ತಿರಲಿಲ್ಲ. ಸುಂದ್ರಮ್ಮ ಯಾರದೋ ಮನೆಯಿಂದ ಎತ್ತಿನ ಕೊರಳ ಗೆಜ್ಜೆಸರ ಇಸಿದುಕೊಂಡು ಬಂದು ಮುಂದಿನ ಬಂಪರಿಗೆ ಕಟ್ಟಿದಳು. ಜನ ಹೊರಗೆ ಬರತೊಡಗಿದರು, ಎಮ್ಮೆಯೂ ಎದ್ದಿತು.

"ಪೆಟ್ರೋಲ್ ಗಾಡಿ ಹೊಡದವ್ರ ಹೆಂಡ್ರಿಗೆ ಗೊತ್ತಣ್ಣ," ಎಂದು ಆಕೆ ನನಗೆ ಹೇಳಿದ್ದಳು. "ರಾತ್ರಿ ಮಕ್ಕೊಂಡ್ರೂ ಗಂಡಂದ್ರ ಕೈ ನಡಗ್ತಾವಂತ. ನಂಗ ಹಂಗಿಲ್ಲ. ಹತ್ತಿ ಬಿಡಿಸಿ ಬಿಡಿಸಿ ಬಗ್ಗಿದ್ದ ನಡ, ಈಗ ನೆಟ್ಟಗ ಕುಂತದ."

ನಡ ಮಾತ್ರ ಅಲ್ಲ. ಹೊಲಕ್ಕೆ ಹೋಗುವಾಗ "ಏ ಸುಂದ್ರೀ" ಎಂದು ಕೂಗುತ್ತಿದ್ದ ಮನೆಗಳವರೇ ಈಗ ಬಾಗಿಲಲ್ಲಿ ನಿಂತು "ಸುಂದ್ರಮ್ಮ, ಸ್ವಲ್ಪ ನಿಂದ್ರಸ್ರಿ" ಅನ್ನುತ್ತಾರೆ. ಮಳೆ ಬಂದಾಗ ಮುಂದಿನ ಸೀಟಿನಲ್ಲೇ ಆಕೆಯ ತೊಡೆಗೆ ತೊಡೆ ತಾಗಿಸಿ ಕೂಡುತ್ತಾರೆ. ನಾವು ದಲಿತ ಸಂಘಟನೆಯವರು ನಲವತ್ತು ವರ್ಷ ಹೋಟೆಲ್ಲಿನ ಗ್ಲಾಸಿಗಾಗಿ, ಬಾವಿಯ ಹಗ್ಗಕ್ಕಾಗಿ ಬಡಿದಾಡಿದೆವು. ಇಲ್ಲಿ ಒಂದು ಸೀಟು ಅಷ್ಟು ಕೆಲಸ ಮಾಡಿತು. ಇದನ್ನು ನೋಡಿ ನಾನು ಕ್ರಾಂತಿ ಆಯಿತೆಂದು ಕುಣಿಯುವವನಲ್ಲ. ಆದರೆ ಆ ಸೀಟು ಹೋದರೆ ಸುಂದ್ರಮ್ಮ ಮತ್ತೆ "ಏ ಸುಂದ್ರೀ" ಆಗುತ್ತಾಳೆ ಎನ್ನುವುದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಇನ್ನು ಅತ್ತೆ ಮಲ್ಲಾಬಾಯಿ. ಮಗ ಸೊಸೆ ಇಬ್ಬರೂ ಬೌದ್ಧರಾಗಿ ವರ್ಷಗಳಾದವು, ಮನೆಯಲ್ಲಿ ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ. ಮುದುಕಿಯೂ ಕೈಮುಗಿಯುತ್ತಾಳೆ. ಆದರೆ ಆಟೋ ಸ್ಟ್ಯಾಂಡಿನವರು ಅಮವಾಸ್ಯೆ ಬಂದರೆ ಗಾಡಿ ತೊಳೆದು, ವಿಭೂತಿ ಎಳೆದು, ಲಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುತ್ತಾರೆ. ಎಲ್ಲರ ಗಾಡಿಗೂ ಆಗಿ ತನ್ನ ಮನೆಯ ಗಾಡಿಗೆ ಮಾತ್ರ ಆಗುವುದಿಲ್ಲವಲ್ಲ ಎಂಬುದು ಆಕೆಯ ಕರುಳಿಗೆ ಹತ್ತಿತ್ತು. ಸುಂದ್ರಮ್ಮ ಬೇಡ ಅಂದಷ್ಟೂ ಮುದುಕಿ ಹೂಂ ಎನ್ನುತ್ತ ಬೆರಳು ಮಡಿಚಿ ಮುಂದಿನ ಅಮವಾಸ್ಯೆ ಎಣಿಸುತ್ತಿದ್ದಳು.

ಹೋದ ಚಳಿಗಾಲದ ಒಂದು ಅಮವಾಸ್ಯೆ. ಸುಂದ್ರಮ್ಮ ಚಾರ್ಜಿನ ವೈರು ಕಿತ್ತಿಟ್ಟು ರೊಟ್ಟಿ ಬಡಿಯಲು ಒಳಗೆ ಹೋದಳು. ಬುತ್ತಿ ಕಟ್ಟಿಕೊಂಡು ಹೊರಗೆ ಬಂದು ಬೀಗದಕೈ ತಿರುಗಿಸಿದರೆ ಗಾಡಿಯಲ್ಲಿ ಜೀವವೇ ಇಲ್ಲ. ಮುಂದಿನ ದೀಪವಿಲ್ಲ, ಹಾರ್ನಿಲ್ಲ, ಎಷ್ಟು ಚಾರ್ಜ್ ಉಳಿದಿದೆ ಎಂದು ತೋರಿಸುವ ಗಾಜು ಕಪ್ಪಗೆ. ಸೀಟಿನ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀಟು ಎತ್ತಿ ನೋಡಿದಳು. ಬ್ಯಾಟರಿ ಡಬ್ಬಿಯ ಮೈತುಂಬ ಅರಿಷಿಣ, ಕುಂಕುಮ, ಮೇಲೊಂದು ಚೆಂಡುಹೂ, ಪಕ್ಕದಲ್ಲಿ ಒಡೆದ ಕಾಯಿ. ಎಲ್ಲೆಲ್ಲಿ ಏನೇನು ಉಬ್ಬಿಕೊಂಡಿತ್ತೋ ಅಲ್ಲೆಲ್ಲ ಮೂರು ಬೆರಳಿನ ವಿಭೂತಿ.

"ಅತ್ತೀ! ಏನ್ ಮಾಡಿದಿ?"

"ಪೂಜಾ ಮಾಡೀನಿ. ನೀ ಮಾಡಂಗಿಲ್ಲ, ಅದಕ್ಕ ನಾ ಮಾಡೀನಿ."

"ಮನ್ಯಾಗ ಬುದ್ಧ ಇದ್ದಾನ. ಕಾಯಿ ಎಲ್ಲಿಂದ ಬಂತು?"

"ಬುದ್ಧ ಮನ್ಯಾಗ ಇದ್ದಾನವ್ವ. ಗಾಡಿ ಬೀದ್ಯಾಗ ನಿಂತದ."

"ಮಾಡಿದ್ರ ಗಾಲಿಗಿ ಮಾಡಬೇಕಿತ್ತು. ಸೀಟ್ ಯಾಕ ಎತ್ತಿದಿ?"

"ಎಲ್ಲಾರೂ ಇಂಜಿನ್ನಿಗಿ ಮಾಡ್ತಾರ. ಇದರ ಇಂಜಿನ್ ಹುಡುಕಿ ಹುಡುಕಿ ನನ್ನ ಕುತ್ತಿಗಿ ನೋಯಾಕತ್ತದ. ಆ ಡಬ್ಬೀನೇ ಇರಬೇಕಂದೆ."

"ನೀರ್ ಯಾಕ ಹೊಯ್ದಿ ನಮ್ಮವ್ವ, ಕರೆಂಟಿಗಿ ಯಾರರ ನೀರ್ ಹೊಯ್ತಾರ?"

ಮಲ್ಲಾಬಾಯಿ ಸೆರಗಿಗೆ ಕೈ ಒರೆಸಿಕೊಂಡಳು. "ಯಾಕ, ನೀನೇ ಹೊಯ್ತಿದ್ದೆಲ್ಲ? ಟ್ಯಾಂಕರ್ ಗಟ್ಲೆ ನೀರ್ ಹಾಕಿ ಕರೆಂಟಿನ ಗಾಜು ತೊಳೀತಿದ್ದಿ. ತೊಳದಷ್ಟೂ ಜಾಸ್ತಿ ಕರೆಂಟ್ ಬರ್ತದ ಅಂತ ಹೇಳಿದಾಕಿ ಯಾರು? ನಾ ಏನು?"

ಹೇಳಿದ್ದು ಸುಂದ್ರಮ್ಮನೇ.

ಗಾಡಿಯ ಮೇಲೆ ಬರೆದಿದ್ದ ಕಂಪನಿ ನಂಬರಿಗೆ ಫೋನ್ ಮಾಡಿದಳು. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂದು ಯಾವಳೋ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದಳು. ಒಂದು ಒತ್ತಿದರೆ ಹಾಡು, ಎರಡು ಒತ್ತಿದರೂ ಅದೇ ಹಾಡು. ಅಷ್ಟರಲ್ಲಿ ಸ್ಟ್ಯಾಂಡಿನ ಚಾಂದಪಾಶಾ ತನ್ನ ಪೆಟ್ರೋಲ್ ಆಟೋ ನಿಲ್ಲಿಸಿ ಇಣುಕಿದ. ಸುಂದ್ರಮ್ಮ ರಸ್ತೆಗಿಳಿದ ದಿನದಿಂದ "ಮಕ್ಕಳ ಆಟಗಿ ಗಾಡಿ" ಎಂದು ಕಾಡಿಸಿದವರಲ್ಲಿ ಅವನೇ ಮೊದಲಿಗ.

"ಏನಕ್ಕಾ, ಶೆಲ್ ಮುಗದಾವೇನು?"

"ನಗಬ್ಯಾಡೋ ಚಾಂದ. ಇದು ಹೋದ್ರ ನಾ ನಾಳಿಗಿ ಹತ್ತಿ ಹೊಲದಾಗ ಇರ್ತೀನಿ."

ಅವನು ನಗುವುದು ಬಿಟ್ಟ. ಆಟೋದವರಲ್ಲಿ ಒಂದು ರೂಢಿ ಇದೆ. ಒಂದು ಗಾಡಿ ಕೆಟ್ಟರೆ ಇನ್ನೊಂದು ಗಾಡಿಯವನು ಹಿಂದೆ ಬಂದು, ತನ್ನ ಗಾಡಿ ಓಡಿಸುತ್ತಲೇ ಒಂದು ಕಾಲು ಹೊರಗೆ ಚಾಚಿ, ಕೆಟ್ಟ ಗಾಡಿಯ ಹಿಂಬದಿಗೆ ಪಾದ ಒತ್ತಿ ತಳ್ಳಿಕೊಂಡು ಹೋಗುತ್ತಾನೆ. ಎಷ್ಟೇ ಜಗಳವಿದ್ದರೂ ಈ ಕಾಲು ಕೊಡುವುದಿಲ್ಲ ಅನ್ನುವಂತಿಲ್ಲ. ಚಾಂದಪಾಶಾ ಚಪ್ಪಲಿ ಕಳಚಿ ಪಾದ ಹಚ್ಚಿದ. ಸುಂದ್ರಮ್ಮ ಹ್ಯಾಂಡಲ್ ಹಿಡಿದಳು. ಮಲ್ಲಾಬಾಯಿ "ನಾ ಮಾಡಿದ್ದಕ್ಕ ನಾನೇ ಜವಾಬ್ ಕೊಡ್ತೀನಿ" ಎಂದು ಒಡೆದ ಕಾಯಿಯ ಚೂರುಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಗೆಜ್ಜೆ ಬಾರಿಸಿಕೊಂಡು ಆ ಮೆರವಣಿಗೆ ಶಹಾಪುರದವರೆಗೆ ಬಂತು.

ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಿದ್ದೆ. "ಅಣ್ಣಾ, ಗಾಡಿ ಸತ್ತಾದ" ಎಂದು ಆಕೆಯ ಫೋನ್ ಬಂತು. ಗಾಡಿ ಮಾರಿದ ಅಂಗಡಿಗೆ ಹೋದೆ. ಮೊದಲು ಟೀವಿ, ಮಿಕ್ಸರ್ ಮಾರುತ್ತಿದ್ದವನು ಈಗ ಬ್ಯಾಟರಿ ಸ್ಕೂಟರು, ಬ್ಯಾಟರಿ ಆಟೋ ಮಾರುತ್ತಾನೆ. ನಾನು ಹೋಗುವಷ್ಟರಲ್ಲಿ ಅವನು ತೀರ್ಪು ಕೊಟ್ಟಾಗಿತ್ತು. ಕುರ್ಚಿಯಿಂದ ಎದ್ದಿರಲಿಲ್ಲ.

"ನೀರ್ ಬಿದ್ದದ ಅಂದ್ರ ಬ್ಯಾಟರಿ ಹೋತು. ವಾರಂಟಿ ಬರಂಗಿಲ್ಲ. ಹೊಸಾದು ಹಾಕಿಸ್ರಿ."

ಹೊಸ ಬ್ಯಾಟರಿಯೆಂದರೆ ಅರ್ಧ ಗಾಡಿಯ ಬೆಲೆ. ಸುಂದ್ರಮ್ಮನ ಮುಖ ಹೊಲದ ಹೆಂಟೆಯಂತೆ ಒಣಗಿತ್ತು. ನನ್ನ ತಲೆಯಲ್ಲಿ ಆಗಲೇ ಬ್ಯಾನರ್ ತಯಾರಾಗುತ್ತಿತ್ತು. ಕಲಬುರಗಿಗೆ ಹೋಗೋಣ, ಕಂಪನಿ ಮುಂದೆ ಕೂಡೋಣ ಎನ್ನುವಷ್ಟರಲ್ಲಿ ಆಕೆಯೇ ಅಂಗಡಿಯ ಹೊಸ್ತಿಲಲ್ಲಿ ಕೂತುಬಿಟ್ಟಳು.

"ಏ, ಏಳವ್ವ, ಗಿರಾಕಿ ಬರ್ತಾರ," ಅಂದ ಮಾಲೀಕ.

"ಬರ್ಲಿ ಬಿಡ್ರಿ. ನೀವು ಸೀಟ್ ಎತ್ತಿ ನೋಡಿಲ್ಲ. ನೋಡ್ಲಾರದ ಸತ್ತಾದ ಅಂತ ಹೆಂಗ್ ಹೇಳಿದ್ರಿ? ನಾಡಿ ಹಿಡೀರಿ ಮೊದ್ಲು."

ಚಾಂದಪಾಶಾ ಆಕೆಯ ಪಕ್ಕದಲ್ಲಿ ಕೂತು ಕಾಲು ತಿಕ್ಕಿಕೊಳ್ಳತೊಡಗಿದ. ಮಲ್ಲಾಬಾಯಿ ಉಡಿ ಬಿಚ್ಚಿ ಮಾಲೀಕನಿಗೆ ಒಂದು ಕಾಯಿಚೂರು ಚಾಚಿದಳು. "ತಗೋ ಯಪ್ಪ, ಪ್ರಸಾದ. ಸಿಟ್ಟಾಗಬ್ಯಾಡ." ಒಳಗೆ ಬರಲಿದ್ದ ಗಿರಾಕಿಯೊಬ್ಬ ಆ ಚೂರು ತಾನೇ ಇಸಿದುಕೊಂಡು ತಿನ್ನುತ್ತ ನಿಂತ. ಇನ್ನೂ ಇಬ್ಬರು ನಿಂತರು. ಮಾಲೀಕ ಬೇಸತ್ತು ಕಲಬುರಗಿಯ ಕಂಪನಿ ಮೆಕ್ಯಾನಿಕ್ ಶರಣಕುಮಾರನಿಗೆ ವಿಡಿಯೋ ಕಾಲ್ ಹಚ್ಚಿದ. ಕುರ್ಚಿ ಬಿಟ್ಟು ಹೊರಗೆ ಬಂದು ಸೀಟು ಎತ್ತಿ ಫೋನು ಹಿಡಿದ.

ಫೋನಿನೊಳಗಿನ ಹುಡುಗ ಮೊದಲು ಬಿದ್ದು ಬಿದ್ದು ನಕ್ಕ. "ಅಬಬಾ, ಪೂಜಾ ಜೋರ್ ಆಗ್ಯಾದ! ಅಕ್ಕಾರ, ಹೂವ ತೆಗೀರಿ. ಆ ವಿಭೂತಿ ಒರಸ್ರಿ. ಹಾಂ, ಅಲ್ಲಿ ಕರಿ ಗುಂಡಿ ಕಾಣ್ತದೇನ್ರಿ, ಮನಿ ಮೀಟರಿನ ಬಾಜೂಕ ಇರ್ತದಲ್ಲ, ಅಂಥಾದ್ದು?"

"ಕಾಣ್ತದ," ಅಂದಳು ಎದ್ದು ಬಂದ ಸುಂದ್ರಮ್ಮ.

"ಮ್ಯಾಲ ಅದನೋ, ಕೆಳಗ ಅದನೋ?"

"ಕೆಳಗ."

"ಯಾರೋ ಎಳದಾರ. ಮೈನ್ ಸ್ವಿಚ್ ಅದು. ಈಗೇ ಎತ್ತಬ್ಯಾಡ್ರಿ. ಒಣ ಬಟ್ಟೀಲೆ ಎಲ್ಲ ಒರಸಿ ಬಿಸಲಿಗಿ ಬಿಡ್ರಿ, ಪೂರಾ ಒಣಗಲಿ. ಹಸಿ ಇದ್ದಾಗ ಚಾರ್ಜಿಗಿ ಹಚ್ಚಿದ್ರ ಸುಟ್ಟು ಬೂದಿ ಆಗ್ತಿತ್ತು, ತಿಳೀತೋ ಇಲ್ಲ?"

ಮುದುಕಿ ಆ ಗುಂಡಿಗೂ ಮೂರು ಬೆರಳು ಎಳೆದಿದ್ದಳು. ಅಡ್ಡ ಎಳೆಯಲು ಜಾಗವಿಲ್ಲದೆ ಮೇಲಿನಿಂದ ಕೆಳಕ್ಕೆ, ಭಕ್ತಿಯಿಂದ.

ಒರೆಸಿದರು. ಸೀಟು ಎತ್ತಿಟ್ಟು ಬಿಸಿಲಿಗೆ ಬಿಟ್ಟರು. ಯಾದಗಿರಿ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ, ಚಳಿಗಾಲದಲ್ಲೂ ಇಲ್ಲ. ನಾವು ಮತ್ತೆ ಚಹಾ ಕುಡಿದು ಬಂದೆವು. ಸುಂದ್ರಮ್ಮ ಮಾತ್ರ ಕುಡಿಯಲಿಲ್ಲ, ಗಾಡಿ ಬಿಟ್ಟು ಕದಲಲಿಲ್ಲ. ಶರಣಕುಮಾರ ಮತ್ತೊಮ್ಮೆ ಫೋನಿನಲ್ಲಿ ಬಂದು, ಮೂಲೆಮೂಲೆ ತೋರಿಸಿಕೊಂಡು, ಡಬ್ಬಿ ಬಿಗಿಯಾಗಿ ಮುಚ್ಚಿದೆ, ಒಳಗೆ ನೀರು ಇಳಿದಿಲ್ಲ ಎಂದು ಹೇಳಿದ ಮೇಲೆ ಆಕೆ ಆ ಗುಂಡಿಯನ್ನು ಮೇಲಕ್ಕೆ ಎತ್ತಿದಳು. ಟಕ್ ಅಂತು. ಬೀಗದಕೈ ತಿರುಗಿಸಿದಳು. ಕಪ್ಪು ಗಾಜಿನಲ್ಲಿ ಬೆಳಕು ಮೂಡಿತು. ಚಾರ್ಜ್ ಪೂರ್ತಿ ಇತ್ತು.

ಸುಂದ್ರಮ್ಮ ಅಳಲಿಲ್ಲ. ಹಾರ್ನ್ ಒತ್ತಿದಳು. ಬಿಡದೆ ಒತ್ತಿದಳು, ಎದುರಿನ ಬಟ್ಟೆ ಅಂಗಡಿಯವರು ಹೊರಗೆ ಬಂದು ನೋಡುವ ಹಾಗೆ.

"ಸಾಕಕ್ಕಾ, ಸಾಕು," ಅಂದ ಚಾಂದಪಾಶಾ. "ನಿನ್ನ ಬ್ಯಾಟರಿ ಉಳೀತು, ನನ್ನ ಕಾಲು ಹೋಗ್ಯಾದ. ಇದಕ್ಕ ವಾರಂಟಿ ಅದ ಏನ್ ಕೇಳು."

ಮಲ್ಲಾಬಾಯಿಗೆ ಇನ್ನೊಂದೇ ಚಿಂತೆ. "ಹಂಗಾದ್ರ ಪೂಜಾ ತಪ್ಪಿಲ್ಲಲ್ಲ?"

"ಪೂಜಾ ತಪ್ಪಲ್ಲ ಅತ್ತಿ. ಇನ್ಮ್ಯಾಲ ಗಾಲಿ ದಾಟಿ ಮ್ಯಾಲ ಬರಬ್ಯಾಡ."

ನನಗೆ ಅವತ್ತು ಎದೆಯ ಮೇಲಿಂದ ಮೂಟೆ ಇಳಿಸಿದಂತಾಯಿತು. ಧರಣಿ ಕೂತು ಸೋತು ಎದ್ದದ್ದೇ ನಮಗೆ ಹೆಚ್ಚು. ಬೇಡಿಕೆ ಬರೆಯುವ ಮೊದಲೇ ಗೆದ್ದದ್ದು ನಾನು ಕಂಡದ್ದು ಇದೊಂದೇ. ಆದರೆ ಸುಂದ್ರಮ್ಮ ಅಷ್ಟಕ್ಕೆ ಹೊರಡಲಿಲ್ಲ. ಹ್ಯಾಂಡಲ್ ಹಿಡಿದುಕೊಂಡೇ ಮಾಲೀಕನನ್ನು ಕೇಳಿದಳು.

"ಇಂಥಾದ್ದೊಂದು ಗುಂಡಿ ಅದ ಅಂತ ಗಾಡಿ ಕೊಡೋ ದಿನ ಯಾಕ ಹೇಳ್ಲಿಲ್ಲ?"

"ನೀವ್ ಕೇಳ್ಲಿಲ್ಲ."

ಗಾಡಿ ಕೊಟ್ಟ ದಿನ ನಾನೂ ಇದ್ದೆ. ಹಾರ ಹಾಕಿದರು, ರಟ್ಟಿನಿಂದ ಮಾಡಿದ ಬಾಗಿಲಷ್ಟು ದೊಡ್ಡ ಬೀಗದಕೈ ಕೈಗೆ ಕೊಟ್ಟು ಫೋಟೊ ತೆಗೆದರು, ಪೇಢೆ ಹಂಚಿದರು. ಸೀಟನ್ನು ಯಾರೂ ಎತ್ತಲಿಲ್ಲ. ಇರುವುದೇ ಗೊತ್ತಿಲ್ಲದ ಗುಂಡಿಯನ್ನು ಯಾರಾದರೂ ಹೇಗೆ ಕೇಳುತ್ತಾರೆ? ನಮ್ಮ ಜನಕ್ಕೆ ಯಂತ್ರ ತಿಳಿಯುವುದಿಲ್ಲ ಅನ್ನುವುದು ಸುಳ್ಳು. ಪಂಪ್‌ಸೆಟ್ಟಿನ ಸಪ್ಪಳ ಕೇಳಿ ಏನು ಕೆಟ್ಟಿದೆ ಎಂದು ಹೇಳುವವರು ಊರೂರಿಗೆ ಇದ್ದಾರೆ, ಏಕೆಂದರೆ ಪಂಪ್‌ಸೆಟ್ಟನ್ನು ಅವರ ಕಣ್ಣ ಮುಂದೆ ಬಿಚ್ಚಿ ಕಟ್ಟಿದ್ದಾರೆ. ಹೊಸ ಸಾಮಾನೆಲ್ಲ ಮುಚ್ಚಿದ ಡಬ್ಬಿ. ಮುಟ್ಟಬೇಡ, ಬಿಚ್ಚಬೇಡ, ಕೆಟ್ಟರೆ ಹೊಸದು ತಗೋ. ಗಾಳಿ ಹಸನಾಗಬೇಕು ನಿಜ, ಹೊಗೆ ಹೋಗಬೇಕು ನಿಜ. ಅದಕ್ಕಾಗಿ ಸುಂದ್ರಮ್ಮ ಕುರುಡಿಯಾಗಿ ಗಾಡಿ ಹೊಡೆಯಬೇಕಿಲ್ಲ.

ನೀವೂ ಕೊಳ್ಳುವವರೇ. ಇವತ್ತಲ್ಲ ನಾಳೆ ಬ್ಯಾಟರಿ ಸ್ಕೂಟರೋ, ಕರೆಂಟಿನ ಒಲೆಯೋ, ಮಾಳಿಗೆಯ ಮೇಲಿನ ಸೋಲಾರೋ ನಿಮ್ಮ ಮನೆಗೆ ಬರುತ್ತದೆ. ಮನೆಯ ಮುದುಕಿಯನ್ನೂ ಕರೆದುಕೊಂಡು ಅಂಗಡಿಗೆ ಹೋಗಿ. ಮಾರುವವನು ಮುಚ್ಚಳ ತೆಗೆದು, ಯಾವ ಗುಂಡಿ ಯಾತಕ್ಕೆ, ನಿಂತುಹೋದರೆ ಮೊದಲು ಏನು ನೋಡಬೇಕು, ಎಲ್ಲಿ ನೀರು ಬೀಳಬಾರದು ಎಂದು ಆಕೆಗೆ ಕನ್ನಡದಲ್ಲಿ ತಿಳಿಯುವ ಹಾಗೆ ಹೇಳುವವರೆಗೆ ಬೀಗದಕೈ ಮುಟ್ಟಬೇಡಿ, ಫೋಟೊಗೆ ನಿಲ್ಲಬೇಡಿ. ಹೇಳುವುದಿಲ್ಲ ಅಂದರೆ ಹೊಸ್ತಿಲಲ್ಲಿ ಕೂತುಬಿಡಿ. ಕೂಡುತ್ತೀರೋ ಇಲ್ಲವೋ? ಅದನ್ನು ಹೇಳಿ.